ಫ್ರೀಜರಿನ ಕೊನೆಯ ಡಬ್ಬ

ದರ್ಜಿಯ ಹೆಂಡತಿ ತೀರಿಕೊಂಡು ಎರಡು ತಿಂಗಳಾಗಿತ್ತು. ಅವಳು ಆಸ್ಪತ್ರೆಗೆ ಹೋಗುವ ಮುಂಚೆ ಫ್ರೀಜರಿನಲ್ಲಿಟ್ಟಿದ್ದರಲ್ಲಿ ಉಳಿದಿದ್ದುದು ಒಂದೇ ಡಬ್ಬ, ಕುಂಬಳಕಾಯಿ ಸಾರು. ಅದನ್ನು ಮುಟ್ಟಲು ಅವನಿಗೆ ಮನಸ್ಸೇ ಬಂದಿರಲಿಲ್ಲ. ಇವತ್ತು ಅವಳ ಹುಟ್ಟಿದ ದಿನ. ಬೆಳಿಗ್ಗೆ ಎದ್ದವನೇ ಡಬ್ಬವನ್ನು ಮೈಕ್ರೋವೇವಿನಲ್ಲಿಟ್ಟ. ಐದು ನಿಮಿಷ ತಿರುಗಿ ಟಿಣ್ ಎಂದಿತು. ಸಾರು ಮುನಿಸಿಕೊಂಡ ನೆಂಟನಂತೆ ಗಟ್ಟಿಯಾಗಿ ಕೂತೇ ಇತ್ತು.

ಡಬ್ಬವನ್ನು ಮತ್ತೆ ಫ್ರೀಜರಿಗೆ ಸೇರಿಸಿ, ಪಕ್ಕದ ಮನೆಯ ಲಿಫ್ಟ್ ಮೆಕ್ಯಾನಿಕ್ಕನ್ನು ಕರೆದ. ಅವನ ಹಿಂದೆಯೇ, ಕರೆಯದೆ, ಭಾಮೈದನೂ ಬಂದ.

"ಭಾವ, ಒಲೆ ಮೇಲೆ ಇಟ್ಟು ಮುಗಿಸ್ಬಾರ್ದಾ?"

"ಒಲೆ ಮೇಲೆ ನಾನಿಟ್ಟಿದ್ದು ಯಾವ್ದು ಸೀಯದೆ ಉಳಿದಿದೆ, ಹೇಳು?"

ಮೆಕ್ಯಾನಿಕ್ ಒಂದು ಗಾಜಿನ ಲೋಟದಲ್ಲಿ ನೀರಿಟ್ಟು ಎರಡು ನಿಮಿಷ ಓಡಿಸಿದ. ಬೆರಳದ್ದಿ ನೋಡಿ, "ಹಸುಗೂಸಿಗೆ ಸ್ನಾನ ಮಾಡಿಸ್ಬಹುದು, ಅಷ್ಟೆ. ಒಂದೇ ಬೋರ್ಡಲ್ಲಿ ಫ್ರಿಜ್ಜೂ ಇದೆ. ಕರೆಂಟು ಸಾಲ್ತಿಲ್ಲ," ಎಂದು ಫ್ರಿಜ್ಜಿನ ಪ್ಲಗ್ ಕಿತ್ತ.

ನೀರು ಆಗಲೂ ಬೆಚ್ಚಗಷ್ಟೇ ಆಯಿತು.

"ಒಳಗೆ ಜಿಡ್ಡು ಹಿಡಿದಿರುತ್ತೆ ಭಾವ," ಎಂದು ಭಾಮೈದ ಗಾಜಿನ ತಟ್ಟೆಯನ್ನು ಎಳೆದ. ತಟ್ಟೆ ನೆಲಕ್ಕೆ ಬಿದ್ದು ನೂರು ಚೂರಾಯಿತು. "ಚಿಂತೆ ಬೇಡ," ಎಂದು ಅಲಮಾರಿಯಿಂದ ಬೆಳ್ಳಿಗೆರೆ ಅಂಚಿನ ಪಿಂಗಾಣಿ ತಟ್ಟೆಯೊಂದನ್ನು ತಂದಿಟ್ಟು ಗುಂಡಿ ಒತ್ತಿದ. ಒಳಗೆ ಚಟಪಟ ಕಿಡಿ ಹಾರಿತು. ಫ್ಯೂಸ್ ಹೋಗಿ ಇಡೀ ಮಹಡಿಯ ಕರೆಂಟು ಹೋಯಿತು.

ಮೆಕ್ಯಾನಿಕ್ ಫ್ಯೂಸ್ ಹಾಕುವಷ್ಟರಲ್ಲಿ ಮಧ್ಯಾಹ್ನ ದಾಟಿತ್ತು. ದರ್ಜಿಯ ಕಾಲಿಗೆ ತಣ್ಣಗೆ ಏನೋ ತಾಗಿತು. ಫ್ರಿಜ್ಜಿನಿಂದ ನೀರು ಹರಿಯುತ್ತಿತ್ತು. ಡಬ್ಬದೊಳಗೆ ಸಾರು ಪೂರ್ತಿ ಕರಗಿತ್ತು.

"ಇನ್ನು ಇಟ್ರೆ ಹಳಸುತ್ತೆ," ಎಂದ ಮೆಕ್ಯಾನಿಕ್. ಆಮೇಲೆ ಮೈಕ್ರೋವೇವಿನ ಮೇಲಿನ ಶಾಖದ ತಿರುಗುಗುಂಡಿಯತ್ತ ಬಗ್ಗಿದ. "ಇದನ್ನ ಯಾರು ಇಷ್ಟು ಕಮ್ಮಿಗೆ ಇಟ್ಟಿದ್ದು?"

"ಹೋದ ವಾರ ಧೂಳು ಒರೆಸಿದ್ದೆ," ಎಂದ ದರ್ಜಿ ಸಣ್ಣ ದನಿಯಲ್ಲಿ.

ಗುಂಡಿ ತಿರುಗಿಸಿದ ಮೇಲೆ ಮೂರೇ ನಿಮಿಷಕ್ಕೆ ಸಾರು ಹಬೆಯಾಡಿತು. ದರ್ಜಿ ಒಂದು ಚಮಚ ಬಾಯಿಗಿಟ್ಟ. ಎರಡು ತಿಂಗಳಿಂದ ತಡೆದಿದ್ದ ಅಳು ಕಟ್ಟೆ ಒಡೆಯಿತು. ಭಾಮೈದನೂ ರುಚಿ ನೋಡಿ ಬಿಕ್ಕಿದ. "ಅಕ್ಕನ ಕೈರುಚಿ ಭಾವ, ಸಾಕ್ಷಾತ್ ಅಕ್ಕನ ಕೈರುಚಿ!" ಮೆಕ್ಯಾನಿಕ್ ಗೋಡೆಯ ಕಡೆ ತಿರುಗಿ ಮೂಗು ಒರೆಸಿಕೊಂಡ.

ಅಷ್ಟರಲ್ಲಿ ಕರೆಂಟು ಹೋದದ್ದಕ್ಕೆ ಜಗಳ ತೆಗೆಯಲು ಎದುರುಮನೆಯ ಅಜ್ಜಿ ಬಂದರು. ಮೇಜಿನ ಮೇಲೆ ಕಣ್ಣು ಬಿತ್ತು.

"ಅಯ್ಯೋ, ನನ್ನ ಡಬ್ಬ ಇಲ್ಲಿದ್ಯಾ! ನಿನ್ನ ಹೆಂಡ್ತಿ ಆಸ್ಪತ್ರೆಗೆ ಹೋಗೋ ಹಿಂದಿನ ದಿನ ಸಾರು ಮಾಡಿ ಕೊಟ್ಟಿದ್ದೆ. ಪಾಪ, ಅವಳು ಮುಟ್ಟೇ ಇಲ್ವಲ್ಲ."

ಭಾಮೈದ ಚಮಚವನ್ನು ಮೆಲ್ಲಗೆ ಕೆಳಗಿಟ್ಟ.

ಅಜ್ಜಿ ದರ್ಜಿಯ ಒದ್ದೆ ಕೆನ್ನೆ ನೋಡಿ ಕರಗಿಹೋದರು. "ಅಷ್ಟು ಹಿಡಿಸ್ತೇನಪ್ಪಾ? ಅಳ್ಬೇಡ. ನಾಳೆಯಿಂದ ದಿನಾ ತಂದ್ಕೊಡ್ತೀನಿ."

ಕೊಟ್ಟ ಮಾತಿಗೆ ಅವರು ತಪ್ಪಲಿಲ್ಲ. ಮರುದಿನ ಊಟದ ಹೊತ್ತಿಗೆ ಇನ್ನೂ ದೊಡ್ಡ ಡಬ್ಬ ಬಂತು. ದರ್ಜಿ ಅದನ್ನು ಮುಂದಿಟ್ಟುಕೊಂಡು, ಕಣ್ಣು ಮುಚ್ಚಿ, ಹೆಂಡತಿಯ ಅಡುಗೆಯ ರುಚಿ ನೆನೆಯಲು ನೋಡಿದ. ಎಷ್ಟು ನೆನೆದರೂ ನಾಲಿಗೆಗೆ ಬಂದದ್ದು ಎದುರುಮನೆಯ ಕುಂಬಳಕಾಯಿಯೇ.