ಹಸು ಮುಟ್ಟದ ಹುರುಳಿ ಪುಡಿ

ಕೆಲವರ ಬದುಕಿನಲ್ಲಿ ಕತೆಯೇ ಇರುವುದಿಲ್ಲ. ನಾನು ಆ ಪೈಕಿ. ಹೊತ್ತಿಗೆ ಸರಿಯಾಗಿ ಮದುವೆಯಾಯಿತು, ಹೊತ್ತಿಗೆ ಸರಿಯಾಗಿ ಮಕ್ಕಳಾದವು. ಬಾವಿಗೆ ಬಿದ್ದವಳಲ್ಲ, ಮನೆ ಬಿಟ್ಟು ಓಡಿಹೋದವಳಲ್ಲ, ಒಂದು ಮೂಳೆ ಕೂಡ ಮುರಿದುಕೊಂಡವಳಲ್ಲ. ಬೇರೆ ಊರಲ್ಲಾದರೆ ಇದನ್ನು ಪುಣ್ಯ ಅನ್ನುತ್ತಾರೆ. ಕೆ.ಜಿ.ಎಫ್.ನಲ್ಲಿ ಇದೊಂದು ಕೊರತೆ. ಇಲ್ಲಿ ಟೀ ಅಂಗಡಿಯವರ ತಾತ ಗಣಿಗೆ ಇಳಿದವರು, ಟೈಲರ್‌ನ ಮಾವ ಗಣಿ ಕುಸಿದಾಗ ಬದುಕಿ ಬಂದವರು. ಒಂದು ಗುಂಡಿ ಹೊಲಿಸಲು ಹೋದರೂ ಕತೆ ಕೇಳದೆ ಬರುವಂತಿಲ್ಲ. ನನ್ನ ಗಂಡನ ಕಡೆಯವರು ಕಾಮಸಮುದ್ರದ ಹತ್ತಿರದ ರೈತರು. ಅವರು ಭೂಮಿಯೊಳಗಿಂದ ತೆಗೆದದ್ದು ಕಡಲೆಕಾಯಿ ಮಾತ್ರ.

ಇಂಥ ನಾನು ಆಂಡರ್ಸನ್‌ಪೇಟೆಯ ನಮ್ಮ ಮನೆಯ ಮುಂಗೋಣೆಯಲ್ಲಿ ಹುರುಳಿಕಾಳಿನ ಚಟ್ನಿಪುಡಿ ಮಾರಲು ಕೂತೆ. ತಿಂದವರೆಲ್ಲ ಚೆನ್ನಾಗಿದೆ ಎಂದರು. ತಿಂದವರೆಲ್ಲ ನೆಂಟರು ಎಂಬುದಷ್ಟೇ ತೊಂದರೆ. ಉಳಿದ ಪೊಟ್ಟಣಗಳು ಮೇಜಿನ ಮೇಲೆ ಕೂತು ನನ್ನನ್ನೇ ನೋಡುತ್ತಿದ್ದವು. ಮಳೆಗಾಲ ಮುಗಿಯುವುದರೊಳಗೆ ವ್ಯಾಪಾರ ಹತ್ತದಿದ್ದರೆ ಆ ಕೋಣೆಯನ್ನು ಬಾಡಿಗೆಗೆ ಕೊಡುವುದೆಂದು ನನ್ನ ಗಂಡ ಆಗಲೇ ತೀರ್ಮಾನಿಸಿದ್ದರು.

ಆಗ ಬಂದವಳು ನನ್ನ ನಾದಿನಿ ರೂಪಾ. ಬಂಗಾರಪೇಟೆಯಲ್ಲಿದ್ದುಕೊಂಡು ಫೋನಿನಲ್ಲೇ ಸೀರೆ ಮಾರುತ್ತಾಳೆ. ಅವಳ ಪ್ರತಿ ಸೀರೆಗೂ ಒಂದು ಹಿನ್ನೆಲೆಯಿದೆ. ಯಾವುದೋ ಅಜ್ಜಿಯ ನೆನಪು, ಯಾವುದೋ ತವರಿನ ಬಣ್ಣ.

"ಅತ್ತಿಗೆ, ಜನ ಪುಡಿ ಕೊಳ್ಳಲ್ಲ, ಕತೆ ಕೊಳ್ತಾರೆ. ನಿಮ್ಮ ಕತೆ ಏಳಿ" ಎಂದಳು.

ಇಲ್ಲ ಎಂದೆ. ಅವಳು ಫೋನು ನನ್ನ ಮುಖಕ್ಕೆ ಹಿಡಿದು, ತಾನೇ ಒಂದು ಕತೆ ಕಟ್ಟಿ ಹೇಳಿಕೊಟ್ಟಳು: ಹೊಸ ಸೊಸೆಯಾಗಿ ಬಂದ ನನ್ನ ಕೈ ಹಿಡಿದು, ಒಲೆಯ ಮುಂದೆ ಕೂರಿಸಿ, ಅತ್ತೆಯವರು ಈ ಪುಡಿ ಕಲಿಸಿದರು.

"ನಿಮ್ಮಮ್ಮ ನನ್ನ ಕೈ ಯಾವತ್ತೂ ಹಿಡಿದಿಲ್ಲ ರೂಪಾ. ಕೈಯಲ್ಲಿದ್ದ ಸೌಟು ಕಿತ್ಕೊಂಡಿದ್ದಾರೆ, ಅಷ್ಟೆ. ಒಂದಿನ ಹುರುಳಿ ಸ್ವಲ್ಪ ಜಾಸ್ತಿ ಹುರಿದುಬಿಟ್ಟೆ. ಬೀದಿಗೆಲ್ಲ ಕೇಳೋ ಹಾಗೆ ಬೈದರು. ಬಿಸಾಡೋಕೆ ಮನಸ್ಸು ಬರದೆ ಪುಡಿ ಮಾಡಿದೆ. ಇಷ್ಟೇ ಕಣೆ."

"ಬೈಗುಳಾನ ಯಾರು ಕಾಸು ಕೊಟ್ಟು ಕೊಳ್ತಾರೆ ಅತ್ತಿಗೆ? ನಾನ್ ಏಳಿದ್ದು ಏಳಿ."

ಹೇಳಿದೆ. ಹೇಳುವಾಗ ಒಂದು ಕಡೆ ಗಂಟಲು ಕಟ್ಟಿತು. ಪುಡಿಯ ಘಾಟಿಗೆ. ರೂಪಾ ಅದನ್ನು ಹಾಗೇ ಉಳಿಸಿಕೊಂಡಳು. ವಿಡಿಯೋ ನಾನು ಊಹಿಸಿದ್ದಕ್ಕಿಂತ ದೂರ ಹೋಯಿತು. ಎಷ್ಟು ದೂರವೆಂದರೆ ಕಾಮಸಮುದ್ರದ ಆಚೆಗಿನ ನಮ್ಮ ಅತ್ತೆಯ ಹಳ್ಳಿಗೂ ತಲುಪಿತು.

ಮರುವಾರ ಬೆಳಗಿನ ಬಸ್ಸಿಗೆ ಅತ್ತೆ ಮುನಿಯಮ್ಮನವರು ಬಂದಿಳಿದರು. ಚೀಲ ಇಟ್ಟರು. ಮುದ್ದೆ ಬಡಿಸಿದೆ. ಪಕ್ಕಕ್ಕೆ ಪುಡಿ ಹಾಕಿಸಿಕೊಂಡು, ಎಣ್ಣೆ ಕಲಸಿ ಉಂಡರು. ಕೈ ತೊಳೆದು ಬಂದು ನನ್ನ ಎದುರು ಕೂತರು.

"ಇದನ್ನ ನಾನು ನಿಂಗೆ ಯಾವಾಗ ಕಲ್ಸಿದ್ನೇ?"

ಅತ್ತೆ ಹಳ್ಳಿಗೆ ಹಿಂತಿರುಗಿ ನಾಲ್ಕು ಜನರ ಮುಂದೆ ಸೊಸೆ ಸುಳ್ಳುಗಾತಿ ಅಂದರೆ ವ್ಯಾಪಾರವೂ ಹೋಯಿತು, ಮರ್ಯಾದೆಯೂ ಹೋಯಿತು. ರೂಪಾ ಹೇಳಿಸಿದಳು ಎಂದು ಬಾಯಿ ತೆರೆಯುವಷ್ಟರಲ್ಲಿ ಅವರು ನನ್ನ ಫೋನಿನತ್ತ ಗದ್ದ ಎತ್ತಿ ತೋರಿಸಿ, "ಅದೇನೋ ಐತಂತಲ್ಲ, ಆಕು, ನೋಡ್ತೀನಿ" ಎಂದರು.

ಹಾಕಿದೆ. ಕಣ್ಣು ಕಿರಿದು ಮಾಡಿ ನೋಡಿದರು. "ಇನ್ನೊಂದ್ ಸಾರಿ ಆಕು" ಎಂದರು. ಮತ್ತೆ ಹಾಕಿದೆ. ಮುಗಿದ ಮೇಲೂ ಕೊಂಚ ಹೊತ್ತು ಕಪ್ಪಾದ ಪರದೆಯನ್ನೇ ನೋಡುತ್ತಿದ್ದರು. "ಚೆನ್ನಾಗಿ ಏಳಿದೀಯ," ಎಂದು ಸೆರಗಿನಲ್ಲಿ ಫೋನು ಒರೆಸಿ ಕೊಟ್ಟರು.

ಅಷ್ಟರಲ್ಲಿ ಬಂಗಾರಪೇಟೆಯಿಂದ ಸ್ಕೂಟರಿನಲ್ಲಿ ಗಂಡ ಹೆಂಡತಿ ಬಂದರು. ವಿಡಿಯೋ ನೋಡಿ ಬಂದವರು. "ಇವರೇನಾ ಕೈ ಹಿಡಿದು ಕಲಿಸಿದ ಅತ್ತೆ?" ಎಂದು ಆಕೆ ಅಕ್ಕರೆಯಿಂದ ಕೇಳಿದರು.

"ನಾನಾ?" ಎಂದರು ಅತ್ತೆ. "ನಾನೆಲ್ಲಿ ಕಲ್ಸಿದೆ ತಾಯಿ? ಉಳ್ಳಿಕಾಳು ಉರಿಯೇ ಅಂದ್ರೆ ಸೀಯಿಸಿ ಇದ್ದಲು ಮಾಡಿಬುಟ್ಟಿದ್ಲು. ಹಸೂಗಾದ್ರೂ ಆಕು ಅಂದೆ. ಹಸು ಮೂಸಿ ನೋಡಿ ಮಕ ತಿರುವ್ಕೊಂತು. ಆಮೇಲೆ ಪುಡಿ ಮಾಡಿ ನನ್ ಮಗಂಗೆ ಆಕಿದ್ಲು. ಅವ್ನು ಮೂಸಿ ನೋಡ್ಲಿಲ್ಲ, ತಿಂದ."

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಕೆ ಇನ್ನೊಂದು ಸಲ ಹೇಳಿಸಿ ಫೋನಿನಲ್ಲಿ ಹಿಡಿದುಕೊಂಡರು. ಚೀಲ ತುಂಬ ಪೊಟ್ಟಣ ಒಯ್ದರು. ಆ ವಿಡಿಯೋದ ಮುಂದೆ ನನ್ನ ವಿಡಿಯೋ ಯಾತಕ್ಕೂ ಸಾಲದಾಯಿತು. ಈಗ ಫೋನು ಮಾಡುವವರು ಹುರುಳಿ ಪುಡಿ ಎಂದು ಕೇಳುವುದಿಲ್ಲ. "ಹಸು ಮುಟ್ಟದ ಪುಡಿ ಇದೆಯಾ?" ಎನ್ನುತ್ತಾರೆ.

ಅತ್ತೆ ಊರಿಗೆ ಹಿಂತಿರುಗಲಿಲ್ಲ. ಮುಂಗೋಣೆಯ ಕುರ್ಚಿ ಅವರದ್ದಾಯಿತು. ಬಾಡಿಗೆಯ ಮಾತು ನಿಂತಿತು. ಕತೆ ಮಾತ್ರ ನಿಲ್ಲಲಿಲ್ಲ. ಯುಗಾದಿಯ ಹೊತ್ತಿಗೆ ಅತ್ತೆಯ ಕತೆಯಲ್ಲಿ ಹೊಗೆ ನೋಡಿ ಪಕ್ಕದ ಮನೆಯವರು ಬಿಂದಿಗೆ ನೀರು ಹೊತ್ತು ಓಡಿ ಬಂದಿದ್ದರು. ತಡೆಯಲಾರದೆ ಒಂದು ದಿನ ರೂಪಾಳಿಗೆ ಹೇಳಿದೆ: "ಹುರುಳಿ ಸೀದ ವರ್ಷ ನಮ್ಮನೇಲಿ ಹಸುವೇ ಇರಲಿಲ್ಲ ಕಣೆ!"

"ಇರಲಿಲ್ಲ, ನಂಗೂ ಗೊತ್ತು," ಎಂದಳು ಅವಳು ತಣ್ಣಗೆ. "ನಿಮ್ದು ನಿಜ ಅತ್ತಿಗೆ. ಅಮ್ಮಂದು ಚೆನ್ನಾಗೈತೆ."

ಮೊನ್ನೆ ಅತ್ತೆ ಒಳಗೆ ಮಲಗಿದ್ದಾಗ ಚಾಂಪಿಯನ್ ರೀಫ್ಸ್‌ನಿಂದ ಒಬ್ಬ ಹೆಂಗಸು ಬಂದರು. ನಾನು ನೆಲದ ಮೇಲೆ ಕೂತು ಪುಡಿ ತುಂಬುತ್ತಿದ್ದೆ. ಅವರು ಸುತ್ತ ನೋಡಿ, "ಅಮ್ಮಾ, ನೀವಿಲ್ಲಿ ಕೆಲಸಕ್ಕಿದ್ದೀರಾ? ಆ ಹುರುಳಿ ಸೀಯಿಸಿದ ಸೊಸೆ ಎಲ್ಲಿ?" ಎಂದರು.

ನಾನೇ ಎನ್ನಲು ಬಾಯಿ ತೆರೆದೆ. ಯಾಕೋ ಬೇರೆಯೇ ಬಂತು. "ಅವರನ್ನು ಈಗ ಒಲೆ ಹತ್ತಿರ ಬಿಡೋದಿಲ್ಲಮ್ಮ. ತವರಿಗೆ ಕಳಿಸಿಬಿಟ್ಟಿದ್ದಾರೆ."

"ಅಯ್ಯೋ, ಪಾವಂ" ಎಂದು ಆಕೆ ಕಣ್ಣಂಚು ಒರೆಸಿಕೊಂಡರು. ಒಂದು ಪೊಟ್ಟಣ ಹಿಡಿದಿದ್ದವರು ಇನ್ನೆರಡು ಎತ್ತಿಕೊಂಡರು.