ಹೆಡ್‌ಸೆಟ್ ಸತ್ತ ಶುಕ್ರವಾರದ ಬಗ್ಗೆ ಸಮಜಾಯಿಷಿ ಮತ್ತು ಮನವಿ

ಇಂದ:
ವೆಂಡೆಲ್ ಹ್ರುಷ್ಕಾ,
ಅಮೆರಿಕನ್ ಫುಟ್‌ಬಾಲ್ ತಂಡದ ದಾಳಿ ವಿಭಾಗದ ಕೋಚ್ (ಸದ್ಯಕ್ಕೆ),
ಕಾರ್ಡೆಲ್ ವೆಲ್ಸ್ ಹೈಸ್ಕೂಲು, ಪಶ್ಚಿಮ ಟೆಕ್ಸಸ್.

ಗೆ:
ಮಾನ್ಯ ಅಧ್ಯಕ್ಷರು ಮತ್ತು ಸದಸ್ಯರು,
ಶಾಲಾ ಮಂಡಳಿ, ಕಾರ್ಡೆಲ್ ವೆಲ್ಸ್.

ವಿಷಯ: ಮೈದಾನದ ಮೇಲಿನ ಕೋಣೆಯಲ್ಲಿ ಅರ್ಜಿದಾರನ ಸ್ಥಾನ ಹಾಗೂ ಸದರಿ ಕೋಣೆಯ ಹೆಡ್‌ಸೆಟ್ ಕುರಿತು.

ಉಲ್ಲೇಖ: 1. “ಪಂದ್ಯ ನಡೆಯುವಾಗ ನೀವು ಮೇಲೆ ಕೂತು ಮಾಡುತ್ತಿದ್ದುದೇನು?” ಎಂದು ಕೇಳಿ ಸೋಮವಾರ ತಮ್ಮ ಮಂಡಳಿ ಕಳಿಸಿದ ನೋಟೀಸು.
2. ಇದೇ ಪ್ರಶ್ನೆಯನ್ನು ಅರ್ಜಿದಾರನ ಹೆಂಡತಿ ಭಾನುವಾರ ಚರ್ಚಿನ ಹೊರಗೆ, ನಾಲ್ಕು ಜನರ ಎದುರು ಕೇಳಿದ್ದು.

ಮಾನ್ಯರೇ,

ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ಈ ಕೆಳಗಿನ ಅಂಶಗಳನ್ನು ತಮ್ಮ ಅವಗಾಹನೆಗೆ ತರಲಾಗಿದೆ. ತನ್ನ ಬಗ್ಗೆ ‘ನಾನು’ ಎಂದು ಬರೆದುಕೊಳ್ಳಲು ನಾಚಿಕೆಯಾಗುವ ಕಾರಣ, ಕೆಳಗೆ ಸಹಿ ಮಾಡಿದವನು ಉದ್ದಕ್ಕೂ ‘ಅರ್ಜಿದಾರ’ ಎಂದೇ ಬರೆದಿರುತ್ತಾನೆ.

1. ಅರ್ಜಿದಾರನ ಕೆಲಸ ಪ್ರತಿ ಶುಕ್ರವಾರ ಮೆಟ್ಟಿಲುಗಳ ತುದಿಯಲ್ಲಿರುವ ಗಾಜಿನ ಕೋಣೆಯಲ್ಲಿ ಕೂತು, ಮೈದಾನವನ್ನು ನೋಡಿ, ಮುಂದೆ ಯಾವ ಪಟ್ಟು ಹಾಕಬೇಕೆಂದು ಹೆಡ್‌ಸೆಟ್‌ನಲ್ಲಿ ಹೇಳುವುದು. ಕೆಳಗೆ ಮೈದಾನದ ಅಂಚಿನಲ್ಲಿ ಸಹಾಯಕ ಕೋಚ್ ಎಫ್ರಾಯಿನ್ ಸಾಲಿನಾಸ್ ಅದನ್ನು ಕೇಳಿಸಿಕೊಂಡು, ಕೈಸನ್ನೆಯಲ್ಲಿ, ಚೆಂಡು ಎಸೆದು ದಾಳಿ ನಡೆಸುವ ಕ್ವಾರ್ಟರ್‌ಬ್ಯಾಕ್‌ಗೆ ತಿಳಿಸುತ್ತಾನೆ. ಸದರಿ ಕ್ವಾರ್ಟರ್‌ಬ್ಯಾಕ್ ಡಾಲ್ಟನ್ ಹ್ರುಷ್ಕಾ, ಅರ್ಜಿದಾರನ ಒಬ್ಬನೇ ಮಗ. ಕೈಬಿಟ್ಟು ಹೋದ ಪಂದ್ಯವನ್ನು ಕೊನೆಯ ಗಳಿಗೆಯಲ್ಲಿ ಎಳೆದು ತರುವವನೆಂದು ಈ ಊರು ಅವನನ್ನು ತಲೆಯ ಮೇಲೆ ಹೊತ್ತುಕೊಂಡಿರುವುದು ಮಂಡಳಿಗೆ ತಿಳಿದದ್ದೇ. ಮಂಡಳಿಗೆ ತಿಳಿಯದ ಸಂಗತಿಯೆಂದರೆ, ಆಗಸ್ಟಿನಿಂದ ನವೆಂಬರ್ ತನಕ ಈ ತಂದೆ ಈ ಮಗನಿಗೆ ಹೇಳುವ ಮಾತೆಲ್ಲ ಸಾಲಿನಾಸನ ಕೈಗಳ ಮೂಲಕವೇ ಹೋಗುತ್ತದೆ. ಮನೆಯಲ್ಲಿ ಸಾಲಿನಾಸ್ ಇರುವುದಿಲ್ಲ. ಆದ್ದರಿಂದ ಮನೆಯಲ್ಲಿ ಮಾತೂ ಇರುವುದಿಲ್ಲ.

2. ಎಂಟನೆಯ ತರಗತಿಯಲ್ಲಿದ್ದಾಗ ಡಾಲ್ಟನ್ ಒಂದು ಪಟ್ಟನ್ನು ತಾನೇ ಯೋಚಿಸಿ ಅದಕ್ಕೆ ‘ಪೋಸ್ಟ್‌ಮ್ಯಾನ್’ ಎಂದು ಹೆಸರಿಟ್ಟಿದ್ದನು. ಚೆಂಡನ್ನು ಕಂಬಗಳ ನಡುವೆ ಒದೆಯುವವನು ಸಿದ್ಧನಾಗಿ ನಿಲ್ಲುತ್ತಾನೆ. ಚೆಂಡು ಹಿಡಿದು ಕೊಡಲು ಕ್ವಾರ್ಟರ್‌ಬ್ಯಾಕ್ ನೆಲಕ್ಕೆ ಮಂಡಿಯೂರಿರುತ್ತಾನೆ. ಎದುರಾಳಿಗಳೆಲ್ಲ ಒದೆತ ತಡೆಯಲು ಕೈಯೆತ್ತಿ ಹಾರುತ್ತಾರೆ. ಆಗ ಮಂಡಿಯೂರಿದವನು ಎದ್ದು, ಚೆಂಡನ್ನು ಕಂಕುಳಲ್ಲಿಟ್ಟುಕೊಂಡು, ಕಾಗದ ಕೊಡಲು ಹೊರಟವನ ಹಾಗೆ ಎಡಮೂಲೆಗೆ ನಡೆದುಬಿಡುವುದು. ಇದನ್ನು ಹಾಕೋಣವೇ ಎಂದು ಅವನು ಹೈಸ್ಕೂಲು ಸೇರಿದಂದಿನಿಂದ ಕೇಳುತ್ತ ಬಂದಿದ್ದನು. ಅರ್ಜಿದಾರನು ಪ್ರತಿ ಸಲವೂ “ನೋಡೋಣ” ಎಂದನು. ಹೋದ ವರ್ಷದಿಂದ ಹುಡುಗ ಕೇಳುವುದನ್ನು ಬಿಟ್ಟನು. ಮಾತು ಇತ್ಯರ್ಥವಾಯಿತೆಂದು ಅರ್ಜಿದಾರನು ತಿಳಿದನು.

3. ಸದರಿ ಶುಕ್ರವಾರ, ಟಾಲ್ಬರ್ಟ್ ಸ್ಪ್ರಿಂಗ್ಸ್ ಎದುರು ಅರ್ಧ ಪಂದ್ಯ ಮುಗಿದಾಗ ನಮ್ಮವರು ಬಹಳ ಹಿಂದಿದ್ದರು. ಅರ್ಜಿದಾರನ ಹೆಂಡತಿ ಚಿಲಿ ಎಂಬ ಖಾರದ ಮಾಂಸದ ಸಾರು ಮಾಡಿ ಕರೆಂಟಿನ ಪಾತ್ರೆಯಲ್ಲಿ ಕಳಿಸಿದ್ದಳು. ಅದು ಆರಿತ್ತು. ಗಾಜಿನ ಕೋಣೆಯಲ್ಲಿ ಇರುವುದು ಒಂದೇ ಸಾಕೆಟ್ಟು. ಅದರಲ್ಲಿ ಯಾವುದೋ ಕಪ್ಪು ಪ್ಲಗ್ ಇತ್ತು. ಅರ್ಜಿದಾರನು ಅದನ್ನು ಕಿತ್ತು ಪಾತ್ರೆಯ ಪ್ಲಗ್ ಹಾಕಿದನು. ಅದು ಹೆಡ್‌ಸೆಟ್ ಪೆಟ್ಟಿಗೆಯದು ಎಂಬುದು ಹದಿಮೂರು ವರ್ಷ ಅದೇ ಕುರ್ಚಿಯಲ್ಲಿ ಕೂತವನಿಗೆ ತಿಳಿದಿರಬೇಕಿತ್ತು ಎಂಬ ಮಂಡಳಿಯ ಅಭಿಪ್ರಾಯವನ್ನು ಅರ್ಜಿದಾರನು ಒಪ್ಪುತ್ತಾನೆ.

4. ಪೆಟ್ಟಿಗೆಯು ತನ್ನೊಳಗಿನ ಬ್ಯಾಟರಿಯಲ್ಲಿ ಕೊಂಚ ಹೊತ್ತು ಉಸಿರಾಡಿ, ಕೊನೆಯ ಕ್ವಾರ್ಟರ್, ಅಂದರೆ ಪಂದ್ಯದ ಕೊನೆಯ ಕಾಲುಭಾಗ, ಆರಂಭವಾಗುವ ಹೊತ್ತಿಗೆ ಕಣ್ಣು ಮುಚ್ಚಿತು. ಸಾಮಾನ್ಯವಾಗಿ ಪ್ರತಿ ಪಟ್ಟಿಗೂ ಸಾಲಿನಾಸ್ ಕೆಳಗಿನಿಂದ “ಬಂತು ಕೋಚ್” ಎನ್ನುವುದು ವಾಡಿಕೆ. ಅಲ್ಲಿಂದ ಮುಂದೆ ಏನೂ ಬರಲಿಲ್ಲ. ಅರ್ಜಿದಾರನಿಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ಕಾರಣ, ಎದುರು ಮಾತು ಬರದಿದ್ದಲ್ಲಿ ಅದನ್ನು ಗೌರವವೆಂದು ತಿಳಿಯುವುದು ಅವನ ಹಳೆಯ ಅಭ್ಯಾಸ. ಮನೆಯಲ್ಲಿ ವರ್ಷಗಟ್ಟಲೆ ಅವನಿಗೆ ಈ ಗೌರವ ಸಂದಿದೆ.

5. ಹೇಳಿದ್ದೊಂದು ಆಗುತ್ತಿದ್ದುದೊಂದು ಎಂಬುದು ಕಣ್ಣಿಗೆ ಕಾಣಲಿಲ್ಲವೇ ಎಂದು ನೋಟೀಸಿನಲ್ಲಿ ಕೇಳಲಾಗಿದೆ. ಕಂಡಿತು. ಅರ್ಜಿದಾರನು ಓಡು ಎಂದರೆ ಹುಡುಗ ಚೆಂಡು ಎಸೆದನು. ಎದುರಾಳಿಯ ನಿಲುವು ನೋಡಿ ಪಟ್ಟು ಬದಲಿಸುವ ಅಧಿಕಾರ ಕ್ವಾರ್ಟರ್‌ಬ್ಯಾಕ್‌ಗೆ ಉಂಟು, ಅದನ್ನು ಬಳಸುತ್ತಿದ್ದಾನೆ ಎಂದು ಅರ್ಜಿದಾರನು ಮೊದಲು ಅಂದುಕೊಂಡನು. ಎಸೆದದ್ದು ಗೆರೆ ದಾಟಿ ಆರು ಅಂಕದ ಟಚ್‌ಡೌನ್ ಆದಾಗ, ತಾನು ಹೇಳಿದ್ದೂ ಹೆಚ್ಚುಕಡಿಮೆ ಅದೇ ಎಂದುಕೊಂಡನು. ಇನ್ನೊಂದು ಟಚ್‌ಡೌನ್ ಆದ ಮೇಲೆ, ಚೆಂಡು ಗಾಳಿಯಲ್ಲಿರುವಾಗ ಪಟ್ಟು ಹೇಳತೊಡಗಿದನು. ಆಗಿನಿಂದ ಅವನ ಲೆಕ್ಕಾಚಾರ ಒಂದೂ ತಪ್ಪಲಿಲ್ಲ.

ಪಕ್ಕದಲ್ಲಿ ಸ್ಕೋರ್ ಫಲಕ ನೋಡಿಕೊಳ್ಳುವ ಮಿಸ್ ವರ್ಲೀನ್ ಚಿಲಿ ತಿನ್ನುತ್ತಿದ್ದರು. ಮರುದಿನ ಅವರನ್ನು ಕೇಳಲಾಗಿ ನಡೆದ ಸಂಭಾಷಣೆ ಹೀಗಿದೆ:

“ಪೆಟ್ಟಿಗೆ ದೀಪ ಆರಿತ್ತಲ್ಲ ಮಿಸ್ ವರ್ಲೀನ್, ನೀವು ನೋಡ್ಲಿಲ್ವಾ?”

“ನೋಡ್ದೆ ಕಣಪ್ಪ.”

“ಒಂದು ಮಾತು ಹೇಳಬಾರದಿತ್ತಾ?”

“ನೀನು ಆ ಪರಿ ಖುಷೀಲಿದ್ದೆ, ಯಾಕೆ ಸುಮ್ನೆ ಅಂತ. ಅಲ್ದೆ, ನಮ್ಮ ಅಂಕ ಏರ್ತಾ ಇತ್ತಲ್ಲ!”

6. ಕೊನೆಯ ಪಟ್ಟು. ನಮ್ಮವರು ಮೂರು ಅಂಕ ಹಿಂದೆ, ಗಡಿಯಾರದಲ್ಲಿ ಸಮಯವಿಲ್ಲ, ಗೆರೆ ಕೂಗಳತೆಯಲ್ಲಿದೆ. ಗೆರೆ ದಾಟಿದರೆ ಆರು ಅಂಕ, ಗೆಲುವು. ಒದ್ದರೆ ಮೂರು ಅಂಕ, ಪಂದ್ಯ ಸಮ, ಆಮೇಲೆ ನೋಡಿಕೊಳ್ಳಬಹುದು. ಅರ್ಜಿದಾರನು ತನ್ನ ಜೀವಮಾನದಲ್ಲಿ ಯಾವಾಗಲೂ ಆಮೇಲೆ ನೋಡಿಕೊಳ್ಳುವವನೇ. “ಕಿಕ್!” ಎಂದು ಕೂಗಿದನು. ಕೆಳಗೆ ಒದೆಯುವ ಹುಡುಗ ಬಂದು ನಿಂತನು. ಡಾಲ್ಟನ್ ಮಂಡಿಯೂರಿದನು. ಆ ಕ್ವಾರ್ಟರಿನಲ್ಲಿ ಮೊದಲ ಬಾರಿಗೆ, ಮುಂಚಿತವಾಗಿ ಹೇಳಿದ ತನ್ನ ಮಾತು ನಡೆಯಿತೆಂದು ಅರ್ಜಿದಾರನು ಕುರ್ಚಿಗೆ ಒರಗಿದನು. ಒರಗಿದವನು ಎದ್ದು ನಿಲ್ಲುವಷ್ಟರಲ್ಲಿ ಪೋಸ್ಟ್‌ಮ್ಯಾನ್ ಹೊರಟಿದ್ದನು. ಎದುರಾಳಿಗಳು ಕೈಯೆತ್ತಿ ಹಾರಿದ್ದರು. ಎಡಮೂಲೆ ಬಟಾಬಯಲು. ಹುಡುಗ ಓಡಲೂ ಇಲ್ಲ, ನಡೆದೇ ಗೆರೆ ದಾಟಿದನು.

7. ಮಂಡಳಿಯ ನೋಟೀಸಿನಲ್ಲಿ ಇಲ್ಲದ, ಆದರೆ ಮುಚ್ಚಿಟ್ಟರೆ ಪ್ರಯೋಜನವಿಲ್ಲದ ವಿಷಯ: ಮೆಟ್ಟಿಲಿಳಿದು ಬಂದ ಅರ್ಜಿದಾರನನ್ನು ಜನ ತಬ್ಬಿಕೊಂಡರು. ಊರಿನ ರೇಡಿಯೋದವರು ಮೈಕ್ ಹಿಡಿದರು. “ಆ ಪಟ್ಟು ಬಹಳ ದಿನದಿಂದ ನನ್ನ ತಲೆಯಲ್ಲಿತ್ತು, ಸಮಯಕ್ಕೆ ಕಾಯ್ತಾ ಇದ್ದೆ” ಎಂದು ಅರ್ಜಿದಾರನು ಹೇಳಿದನು. ಮಾರನೆಯ ಬೆಳಿಗ್ಗೆ ಹೆದ್ದಾರಿಯ ಐಸ್‌ಕ್ರೀಂ ಅಂಗಡಿಯ ಫಲಕದಲ್ಲಿ ‘ಥ್ಯಾಂಕ್ಯೂ ವೆಂಡೆಲ್’ ಎಂಬ ಅಕ್ಷರಗಳಿದ್ದವು. ಮಧ್ಯಾಹ್ನದ ಹೊತ್ತಿಗೆ ಅದು ‘ಥ್ಯಾಂಕ್ಯೂ ಚಿಲಿ’ ಎಂದಾಗಿತ್ತು. ನಡುವೆ ನಡೆದದ್ದನ್ನು ಮುಂದಿನ ಅಂಶದಲ್ಲಿ ನಿವೇದಿಸಲಾಗಿದೆ.

8. ಶನಿವಾರ ಬೆಳಿಗ್ಗೆ ಇಡೀ ತಂಡ ಕೂತು ಹಿಂದಿನ ದಿನದ ಪಂದ್ಯದ ವಿಡಿಯೋ ನೋಡುವುದು ನಮ್ಮ ಪದ್ಧತಿ. ವಿಡಿಯೋ ತೆಗೆಯುವ ಕ್ಯಾಮೆರಾ ಇರುವುದು ಅದೇ ಗಾಜಿನ ಕೋಣೆಯಲ್ಲಿ, ಅರ್ಜಿದಾರನ ಬಲಕಿವಿಯ ಪಕ್ಕ. ಅದಕ್ಕೆ ಕಣ್ಣಿನ ಜೊತೆ ಕಿವಿಯೂ ಉಂಟು. ಪ್ರತಿ ಶನಿವಾರ ಹುಡುಗರು ಅರ್ಜಿದಾರನ ಕೂಗಾಟ ಕೇಳುತ್ತಲೇ ಪಂದ್ಯ ನೋಡುತ್ತಿದ್ದರು, ಯಾರಿಗೂ ಅದು ವಿಶೇಷವಾಗಿರಲಿಲ್ಲ. ವಿಡಿಯೋ ತರಲು ಹೋದವರು ಸಾಕೆಟ್ಟಿನಲ್ಲಿ ಪೆಟ್ಟಿಗೆಯ ಬದಲು ಚಿಲಿಯ ಪ್ಲಗ್ ಕಂಡು ಬಂದಿದ್ದ ಕಾರಣ, ಈ ಶನಿವಾರ ವಿಶೇಷವಾಯಿತು.

ಪರದೆಯ ಮೇಲೆ ಅರ್ಜಿದಾರನ ದನಿ: “ಬಲಕ್ಕೆ ಓಟ! ಬಲಕ್ಕೆ!” ಡಾಲ್ಟನ್ ಎಡಕ್ಕೆ ಚೆಂಡು ಎಸೆಯುತ್ತಾನೆ. ಮತ್ತೆ ದನಿ: “ಹಾಂ! ನಾನು ಹೇಳಿದ್ದೂ ಅದೇನೇ!”

ಬಾಯಲ್ಲಿ ಕೊಲಾಚಿ ಬನ್ನು ತುಂಬಿಕೊಂಡಿದ್ದ ಹುಡುಗರು ಅದನ್ನು ಮುಂದಿನ ಸಾಲಿನವರ ಮೇಲೆ ಉಗಿದರು.

“ಕೋಚ್, ನಿಮ್ಮ ಬಲಗೈ ಎತ್ತಿ ನೋಡೋಣ!” ಎಂದನೊಬ್ಬ.

“ಅದು ಸ್ಪೂನ್ ಹಿಡ್ಕೊಂಡಿದ್ಯಂತೆ ಕಣೋ!” ಎಂದನು ಇನ್ನೊಬ್ಬ.

ಮುಖ್ಯ ಕೋಚ್ ರೂಫಸ್ ಗಿಲಿಯಮ್ ಅವರು ಗಂಭೀರವಾಗಿರಲು ಪ್ರಯತ್ನಿಸಿ ವಿಫಲರಾದರು. ಅರ್ಜಿದಾರನೂ ನಕ್ಕನು. ನಗದೆ ಬೇರೆ ದಾರಿ ಇರಲಿಲ್ಲ. ನಗದಿದ್ದವನು ಒಬ್ಬನೇ. ಕೊನೆಯ ಪಟ್ಟಿನಲ್ಲಿ “ನೋಡಿದ್ರಾ ಮಿಸ್ ವರ್ಲೀನ್, ಕಿಕ್ ಅಂದ್ರೆ ಕಿಕ್!” ಎಂಬ ದನಿ ಬಂದ ಕೂಡಲೇ ಡಾಲ್ಟನ್ ಎದ್ದು ಹೋಗಿ ಶಬ್ದ ನಿಲ್ಲಿಸಿದನು.

“ಚಿತ್ರ ಸಾಕು,” ಎಂದನು.

ಆಮೇಲೆ ಅವನು ಎಡಮೂಲೆಗೆ ನಡೆದು ಹೋಗುವುದನ್ನು ಇಡೀ ಕೋಣೆ ಸದ್ದಿಲ್ಲದೆ ನೋಡಿತು.

9. ಮನೆಗೆ ವಾಪಸು ಬರುವಾಗ ಟ್ರಕ್ಕಿನಲ್ಲಿ, ರೈಲ್ವೆ ಗೇಟು ಹಾಕಿದ್ದ ಕಾರಣ, ಮಾತಾಡುವಷ್ಟು ಸಮಯ ಸಿಕ್ಕಿತು.

“ಮೇಲಕ್ಕೆ ಯಾರನ್ನಾದ್ರೂ ಕಳಿಸಬಹುದಿತ್ತು,” ಎಂದನು ಅರ್ಜಿದಾರ.

“ಕೋಚ್ ಗಿಲಿಯಮ್ ಕಳಿಸೋಣ ಅಂದ್ರು. ನಾನೇ ಬೇಡ ಅಂದೆ.”

“ಯಾಕೆ?”

ಗೂಡ್ಸ್ ಗಾಡಿ ಹೋಗುತ್ತಲೇ ಇತ್ತು.

“ನೀನೇನು ಹೇಳ್ತಿದೀಯ ಅಂತ ನಂಗೆ ಹೆಂಗೂ ಕೇಳಿಸ್ತಾನೇ ಇತ್ತಪ್ಪ. ಮೂರು ವರ್ಷದಿಂದ ಅದೇ ತಾನೇ? ಕೊನೇಲಿ ಕಿಕ್ ಅಂತೀಯ ಅಂತ ಗೊತ್ತಿತ್ತು.”

“ಅದಕ್ಕೇ ಉಲ್ಟಾ ಮಾಡಿದ್ಯಾ?”

“ನಂಗೊಬ್ಬನಿಗೇ ಅಲ್ಲ, ಟಾಲ್ಬರ್ಟ್‌ನವರಿಗೂ ಗೊತ್ತಿತ್ತು. ವೆಂಡೆಲ್ ಹ್ರುಷ್ಕಾ ಕಿಕ್ಕೇ ಅಂತಾನೆ ಅಂತ ಇಡೀ ಜಿಲ್ಲೆಗೆ ಗೊತ್ತು. ಅದಕ್ಕೇ ಆ ಮೂಲೇಲಿ ಒಬ್ಬನೂ ಇರ್ಲಿಲ್ಲ.” ಆಮೇಲೆ, “ಬೇರೆ ಯಾರಾದ್ರೂ ಅಪ್ಪ ಆಗಿದ್ರೆ ಆ ಪಟ್ಟು ನಡೀತಾನೇ ಇರ್ಲಿಲ್ಲ,” ಎಂದನು.

ಇದು ಹೊಗಳಿಕೆಯೋ ಅಲ್ಲವೋ ಎಂದು ಕೇಳಬೇಕೆನ್ನುವಷ್ಟರಲ್ಲಿ ಗೇಟು ತೆರೆಯಿತು.

10. ಮೇಲಿನ ಅಂಶದಿಂದ ಮಂಡಳಿಗೆ ಮನವರಿಕೆಯಾಗುವಂತೆ, ಸದರಿ ಗೆಲುವಿನಲ್ಲಿ ಅರ್ಜಿದಾರನ ಪಾಲು ಏನೂ ಇಲ್ಲವೆಂದು ಹೇಳಲಾಗದು. ಹದಿಮೂರು ವರ್ಷ ಒಂದೇ ಸಮನೆ ಪುಕ್ಕಲುತನ ತೋರಿ, ಜಿಲ್ಲೆಯ ಎಲ್ಲ ತಂಡಗಳ ನಂಬಿಕೆ ಗಳಿಸಿ, ಅವರು ಎಡಮೂಲೆಯನ್ನು ಖಾಲಿ ಬಿಡುವಂತೆ ಮಾಡಿದವನು ಅವನೇ. ಇಂಥ ಸೇವೆಯನ್ನು ಬೇರೆ ಯಾವ ಕೋಚೂ ಸಲ್ಲಿಸಿರಲಾರನು.

11. ಈ ಗುರುವಾರದ ಸಭೆಯಲ್ಲಿ ಮಂಡಳಿಯ ಮುಂದೆ ಎರಡು ಸಲಹೆಗಳಿರುವುದಾಗಿ ತಿಳಿದುಬಂದಿದೆ. ಸದಸ್ಯರೊಬ್ಬರ ಮಾತಿನಲ್ಲೇ ಹೇಳುವುದಾದರೆ, “ಹೊಸ ಹೆಡ್‌ಸೆಟ್ ತರಿಸಿ, ಇಲ್ಲಾ ಹೊಸ ವೆಂಡೆಲ್‌ನ ತರಿಸಿ.” ಇದು ಹುಡುಗನಿಗೆ ಶಾಲೆಯ ಕೊನೆಯ ವರ್ಷ, ಸೋತ ತಂಡ ಹೊರಬೀಳುವ ಹಂತ; ಬರುವ ಶುಕ್ರವಾರದ ಪಂದ್ಯ ಸೋತರೆ ಡಾಲ್ಟನ್‌ಗೆ ಅದೇ ಇಲ್ಲಿಯ ಕೊನೆಯ ಪಂದ್ಯ. ಗೆದ್ದರೂ ಇನ್ನು ಹೆಚ್ಚು ಶುಕ್ರವಾರಗಳಿಲ್ಲ. ಮುಂದೆ ಅವನಿಗೆ ಪಟ್ಟು ಹೇಳುವವರು ಬೇರೆ ಊರಿನ ಕಾಲೇಜಿನವರು. ಆ ಕೋಣೆಯಿಂದ ಈಗಲೇ ಹೊರಬಿದ್ದಲ್ಲಿ ಅರ್ಜಿದಾರನಿಗೆ ಮಗನನ್ನು ನೋಡುತ್ತ ಕೂರಲು ಬೇರೊಂದು ಅಧಿಕೃತ ಕಾರಣ ಇರುವುದಿಲ್ಲ.

ಆದ್ದರಿಂದ ಮತ್ತು ಮೇಲ್ಕಂಡ ಎಲ್ಲ ಕಾರಣಗಳಿಂದ ಈ ಕೆಳಗಿನಂತೆ ಪ್ರಾರ್ಥಿಸಲಾಗಿದೆ:

ಅ) ಪಟ್ಟು ಆರಿಸುವ ಕೆಲಸವನ್ನು ಡಾಲ್ಟನ್ ಹ್ರುಷ್ಕಾನಿಗೇ ಬಿಡುವುದು. ಹೊರಗಿನವರಿಗೆ ಇದನ್ನು ತಿಳಿಸದಿರುವುದು. ಕಿಕ್ಕೇ ಬರುತ್ತದೆಂಬ ಜಿಲ್ಲೆಯ ನಂಬಿಕೆ ಕೆಡಬಾರದು.

ಆ) ಅರ್ಜಿದಾರನನ್ನು ಅದೇ ಕುರ್ಚಿಯಲ್ಲಿ ಮುಂದುವರಿಸುವುದು.

ಇ) ಹಳೆಯ ಹೆಡ್‌ಸೆಟ್‌ನಲ್ಲಿ ಮೇಲಿನಿಂದ ಕೆಳಕ್ಕೆ ಮಾತು ಹೋಗುವ ಭಾಗವನ್ನು ದುರಸ್ತಿ ಮಾಡದಿರುವುದು. ಕೆಳಗಿನಿಂದ ಮೇಲಕ್ಕೆ ಕೇಳಿಸುವ ಭಾಗವನ್ನು ಮಾತ್ರ ಚಾಲೂ ಇಡುವುದು. ಆಟದ ನಡುವೆ ತಂಡ ಬಿಡುವು ಕೇಳಿದಾಗ ಡಾಲ್ಟನ್ ಅಂಚಿಗೆ ಬಂದು ಸಾಲಿನಾಸನ ಹತ್ತಿರ ನಿಂತು ಮಾತಾಡುತ್ತಾನೆ. ಅದು ಕೇಳಿಸಿದರೆ ಸಾಕು.

ಈ) ಕೋಣೆಗೆ ಇನ್ನೊಂದು ಸಾಕೆಟ್ಟು ಮಂಜೂರು ಮಾಡುವುದು. ಮಿಸ್ ವರ್ಲೀನ್ ಅವರು ಚಿಲಿಯನ್ನು ಬಿಟ್ಟುಕೊಡಲು ಒಪ್ಪಿರುವುದಿಲ್ಲ.

ಇಷ್ಟರಲ್ಲಿ ಎಷ್ಟು ಸಾಧ್ಯವೋ ಅಷ್ಟನ್ನು ನಡೆಸಿಕೊಟ್ಟಲ್ಲಿ, ಈ ಋತು ಮುಗಿಯುವವರೆಗೆ ಬಾಯಿ ಮುಚ್ಚಿಕೊಂಡಿರುವುದಾಗಿ ಒಪ್ಪುವ,

ತಮ್ಮ ವಿಶ್ವಾಸಿ,
ವೆಂಡೆಲ್ ಹ್ರುಷ್ಕಾ

ಲಗತ್ತುಗಳು:
1. ಶುಕ್ರವಾರದ ಪಂದ್ಯದ ವಿಡಿಯೋ, ಶಬ್ದ ಸಹಿತ.
2. ಹೆಡ್‌ಸೆಟ್‌ನ ಮೈಕು (ಅರ್ಜಿದಾರನೇ ಕಿತ್ತದ್ದು).
3. ಚಿಲಿ, ಒಂದು ಡಬ್ಬಿ. ಮಂಡಳಿಯ ಸದಸ್ಯರು ಹಂಚಿಕೊಳ್ಳುವುದು.

ವಿಶೇಷ ಸೂಚನೆ: ಲಗತ್ತು 1ರಲ್ಲಿ, ಶನಿವಾರ ಶಬ್ದ ನಿಲ್ಲಿಸಿದ ಜಾಗದಿಂದ ಮುಂದೆ, ಹುಡುಗ ಎಡಮೂಲೆಗೆ ನಡೆಯುವಾಗ, ಅರ್ಜಿದಾರನು ಮೆಲ್ಲಗೆ “ಹೋಗು ಮಗಾ, ಹೋಗು” ಎಂದಿರುವುದು ದಾಖಲಾಗಿದೆ. ಹೆಡ್‌ಸೆಟ್ ಸತ್ತ ಮೇಲೆ ಅವನು ಹೇಳಿದ್ದರಲ್ಲಿ ಮೈದಾನದಲ್ಲಿ ನಡೆದದ್ದಕ್ಕೆ ಹೊಂದಿದ್ದು ಇದೊಂದೇ. ಅಷ್ಟು ಭಾಗವನ್ನು ಮಂಡಳಿಯು ತನ್ನ ವತಿಯಿಂದ ಡಾಲ್ಟನ್‌ಗೆ ಕೇಳಿಸಬೇಕಾಗಿ ವಿನಂತಿ. ಒಂದೇ ಮನೆಯಲ್ಲಿರುವವರು, ಅದನ್ನು ನೀವೇ ಹೇಳಬಹುದಲ್ಲ ಎಂದು ಮಂಡಳಿ ಕೇಳಿದಲ್ಲಿ, ಮೈಕು ಲಗತ್ತು 2ರಲ್ಲಿದೆ ಎಂದು ಅರಿಕೆ.