ಒಂಬತ್ತು ಸಾವಿರದ ಹೊಟ್ಟೆಕಿಚ್ಚು

ಇಡೀ ರಾದ್ಧಾಂತಕ್ಕೆ ಕಾರಣ ಒಂಬತ್ತು ಸಾವಿರ ಎಂಬ ಒಂದು ಸಂಖ್ಯೆ. ರೂಪಾಯಿಯಲ್ಲ, ಮಾರಾಯರೆ. ಕಂಪ್ಯೂಟರುಗಳು ಒಂದಕ್ಕೊಂದು ಮಾಹಿತಿ ಕಳಿಸುವಾಗ ಕಟ್ಟುವ ಪೊಟ್ಟಣದ ಅಳತೆ. ಸಾಮಾನ್ಯವಾಗಿ ಅದು ಸಾವಿರದ ಐನೂರು ಇರುತ್ತದೆ. ಒಂಬತ್ತು ಸಾವಿರ ಮಾಡಿದರೆ ಪೊಟ್ಟಣ ದೊಡ್ಡದಾಗಿ, ಓಡಾಟ ಕಡಿಮೆಯಾಗಿ, ಕೆಲಸ ಬೇಗ ಮುಗಿಯುತ್ತದೆ. ಆದರೆ ದಾರಿಯಲ್ಲಿರುವ ಪ್ರತಿಯೊಂದು ಯಂತ್ರವೂ ಅದಕ್ಕೆ ಒಪ್ಪಬೇಕು.

ಆ ಕಣ್ಣಾಸ್ಪತ್ರೆಯ ಕಂಪ್ಯೂಟರ್ ವಿಭಾಗದಲ್ಲಿದ್ದವರು ಇಬ್ಬರೇ. ಒಬ್ಬರು ಸರ್ವರ್ ಸಾರ್. ಅವರ ಮೂರು ದೊಡ್ಡ ಸರ್ವರುಗಳ ಹೊಟ್ಟೆಯೊಳಗೆ ನಲವತ್ತು ವರ್ಚುವಲ್ ಕಂಪ್ಯೂಟರುಗಳು, ಅಂದರೆ ಹೆಸರಿಗೆ ಇದ್ದು ಕೈಗೆ ಸಿಗದ ಕಂಪ್ಯೂಟರುಗಳು, ಸಂಸಾರ ಮಾಡುತ್ತಿದ್ದವು. ಇನ್ನೊಬ್ಬ ಡಬ್ಬಿ ಸಾರ್. ಆ ನಲವತ್ತೂ ಕಂಪ್ಯೂಟರುಗಳ ಕಡತಗಳೆಲ್ಲ ಇರುತ್ತಿದ್ದುದು ಕೋಣೆಯ ಇನ್ನೊಂದು ಮೂಲೆಯಲ್ಲಿದ್ದ ಸ್ಟೋರೇಜ್ ಡಬ್ಬಿಯಲ್ಲಿ, ಅದು ಅವನ ಸುಪರ್ದಿ. ಮನೆ ಒಂದು ಬೀದಿಯಲ್ಲಿ, ಸಾಮಾನೆಲ್ಲ ಇನ್ನೊಂದು ಬೀದಿಯ ಗೋದಾಮಿನಲ್ಲಿ ಎಂಬಂಥ ವ್ಯವಸ್ಥೆ.

ಇಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಡಬ್ಬಿ ಸಾರ್ ಈ ಸರ್ವರ್ ಸಾರ್ ಅವರ ಷಡ್ಡಕ. ಹೆಂಡತಿಯ ಸ್ವಂತ ತಂಗಿಯ ಗಂಡ. ಕೆಲಸಕ್ಕೆ ಸೇರಿಸಿದ್ದೂ ಇವರೇ. ಬೇಲಿ ಮೇಲಿನ ಓತಿಕ್ಯಾತನನ್ನು ಮೈಮೇಲೆ ಬಿಟ್ಟುಕೊಂಡೆನಲ್ಲ ಎಂದು ಅವರು ಆರು ವರ್ಷದಿಂದ ಕೊರಗುತ್ತಿದ್ದರು. ಅವನು ಬೈಕು ಕೊಂಡರೆ ಇವರಿಗೆ ನಿದ್ದೆ ಬರುತ್ತಿರಲಿಲ್ಲ. ಅವನ ತಲೆಗೂದಲು ಇನ್ನೂ ದಟ್ಟವಾಗಿದ್ದದ್ದಕ್ಕೂ ಇವರಿಗೆ ಸಂಕಟ.

ಈಗಿನ ಸಂಕಟ ದೊಡ್ಡದು. ವಿಭಾಗದ ಮುಖ್ಯಸ್ಥರು ನಿವೃತ್ತರಾಗಿ ತಿಂಗಳಾಗಿತ್ತು, ಕುರ್ಚಿ ಖಾಲಿಯಿತ್ತು. ಹೊಸ ಮುಖ್ಯಸ್ಥರು ಯಾರೆಂಬ ಆದೇಶ ಇವತ್ತು ನಾಲ್ಕು ಗಂಟೆಗೆ ಬರುವುದಿತ್ತು. ಹೋದ ವಾರ ಷಡ್ಡಕ ತನ್ನ ಡಬ್ಬಿಗೂ ಕಡತಗಳ ನಕಲು ಇಡುವ ಬ್ಯಾಕಪ್ ಯಂತ್ರಕ್ಕೂ ನಡುವೆ ಪೊಟ್ಟಣದ ಅಳತೆಯನ್ನು ಒಂಬತ್ತು ಸಾವಿರಕ್ಕೆ ಏರಿಸಿದ್ದ. ಬೆಳಗಿನ ತನಕ ತೆವಳುತ್ತಿದ್ದ ನಕಲು ಕೆಲಸ ಎರಡೇ ಗಂಟೆಯಲ್ಲಿ ಮುಗಿದಿತ್ತು. ಆಡಳಿತಾಧಿಕಾರಿ ಸಭೆಯಲ್ಲೇ ಎದ್ದುನಿಂತು ಅವನ ಬೆನ್ನು ತಟ್ಟಿದರು. ಸುದ್ದಿ ಸಂಜೆಯೊಳಗೆ ತಂಗಿಯಿಂದ ಅಕ್ಕನಿಗೆ ಫೋನಿನಲ್ಲಿ ತಲುಪಿ, ರಾತ್ರಿ ಊಟಕ್ಕೆ ಕೂತಾಗ ಹೆಂಡತಿ ಏನೂ ಅನ್ನದೆ ಬರೀ ನಿಟ್ಟುಸಿರಿಟ್ಟಿದ್ದಳು. ಅಂದಿದ್ದರೂ ಸಹಿಸಬಹುದಿತ್ತು.

ಹುಲಿಯನ್ನು ಕಂಡು ನರಿ ಬರೆ ಹಾಕಿಕೊಳ್ಳುವುದು ಇಂಥ ಹೊತ್ತಿನಲ್ಲೇ. ನಿನ್ನೆ ಸಂಜೆ ಸರ್ವರ್ ಸಾರ್ ಯಾರಿಗೂ ಹೇಳದೆ ತಮ್ಮ ಮೂರೂ ಸರ್ವರುಗಳಲ್ಲಿ ಸಾವಿರದ ಐನೂರನ್ನು ಅಳಿಸಿ ಒಂಬತ್ತು ಸಾವಿರ ಬರೆದು, ಸಿಳ್ಳೆ ಹಾಕುತ್ತ ಮನೆಗೆ ಹೋಗಿದ್ದರು. ನಾಳೆ ಇಡೀ ಆಸ್ಪತ್ರೆ ಓಡುತ್ತದೆ, ನಾಲ್ಕು ಗಂಟೆಗೆ ಸಾಹೇಬರು ತಮ್ಮ ಬೆನ್ನು ತಟ್ಟುತ್ತಾರೆ ಎಂಬುದು ಅವರ ಲೆಕ್ಕಾಚಾರ.

ಬೆಳಿಗ್ಗೆ ಒಂಬತ್ತಕ್ಕೆ ಆಸ್ಪತ್ರೆ ನಿಂತೇಹೋಯಿತು. ರೋಗಿಗಳಿಗೆ ಸರದಿ ಚೀಟಿ ಕೊಡುವ ಟೋಕನ್ ಮೇಡಂ ಅವರ ಪರದೆಯ ಮೇಲೆ ರೋಗಿಗಳ ಹೆಸರು ಕಾಣುತ್ತಿತ್ತು, ಒತ್ತಿದರೆ ಕಡತ ತೆರೆಯುತ್ತಿರಲಿಲ್ಲ. ಡಾಕ್ಟರುಗಳ ಪರದೆಯಲ್ಲೂ ಅದೇ ಕತೆ. ಹೊರಗೆ ಕಣ್ಣಿಗೆ ಹನಿ ಹಾಕಿಸಿಕೊಂಡ ಎಪ್ಪತ್ತು ಜನ ಎದುರಿಗಿರುವುದೇನೂ ಕಾಣದೆ ಕೂತಿದ್ದರು. ಸರ್ವರ್ ಸಾರ್ ಆ ಕಡೆ ಹಾದಾಗ ಒಬ್ಬರು ಅಜ್ಜಿ ಡಾಕ್ಟರೇ ಬಂದರೆಂದು ಅವರ ತೋಳು ಹಿಡಿದು ತಮ್ಮ ಎಡಗಣ್ಣಿನ ಪೂರ್ತಿ ಚರಿತ್ರೆ ಹೇಳಿದರು. ಬಿಡಿಸಿಕೊಂಡು ಬರಲು ಕಾಲು ಗಂಟೆ ಹಿಡಿಯಿತು.

ಅವರಿಗೆ ತಮ್ಮ ಒಂಬತ್ತು ಸಾವಿರ ನೆನಪಾಗಲಿಲ್ಲವೆ? ಆಯಿತು. ಆದರೆ ಹೊಟ್ಟೆಕಿಚ್ಚು ಕಣ್ಣಿಗೆ ಹಾಕುವ ಹನಿಗಿಂತ ಬಲವಾದದ್ದು. ತಮ್ಮ ಸರ್ವರುಗಳ ವೇಗ ತಡೆಯಲಾರದೆ ಷಡ್ಡಕನ ಡಬ್ಬಿಯೇ ಸುಸ್ತಾಗಿದೆ ಎಂದು ಅವರು ತೀರ್ಮಾನಿಸಿದರು. ಅವರಿಗೆ ಒಳಗೊಳಗೇ ಖುಷಿಯಾಯಿತು.

ಪಿಂಗ್ ಎಂಬ ಪರೀಕ್ಷೆಯೊಂದಿದೆ. ಈ ಯಂತ್ರ ‘ಇದ್ದೀಯಾ?’ ಎಂದು ಕೂಗುತ್ತದೆ, ಆ ಯಂತ್ರ ‘ಇದ್ದೇನೆ’ ಎನ್ನುತ್ತದೆ. ಡಬ್ಬಿ ಪ್ರತಿ ಸಲವೂ ‘ಇದ್ದೇನೆ’ ಎಂದಿತು. ಸರ್ವರ್ ಸಾರ್ ಟೋಕನ್ ಮೇಡಂ ಅವರನ್ನೂ ಆಸ್ಪತ್ರೆಯ ಎಲೆಕ್ಟ್ರಿಷಿಯನ್ನನನ್ನೂ ಸಾಕ್ಷಿಗೆ ಕರೆದು ತೋರಿಸಿದರು. ದಾರಿ ಸರಿಯಿದೆ, ಡಬ್ಬಿ ಬದುಕಿದೆ, ಆದರೂ ಕಡತ ಕೊಡುತ್ತಿಲ್ಲ ಎಂದರೆ ತಪ್ಪು ಡಬ್ಬಿಯದೇ ಅಲ್ಲವೆ? ಇಬ್ಬರೂ ತಲೆಯಾಡಿಸಿದರು. ಷಡ್ಡಕ ಮಾತ್ರ ತಲೆ ಕೆರೆದುಕೊಂಡು, ಇರಬಹುದು ಅಣ್ಣಾ, ನೋಡ್ತೀನಿ ಎಂದು ಡಬ್ಬಿಯ ಹಿಂದೆ ಕೂತ. ಅವನು ಜಗಳಕ್ಕೆ ಬಾರದಿದ್ದುದಕ್ಕೆ ಇವರಿಗೆ ಇನ್ನಷ್ಟು ಉರಿಯಿತು.

ಮಧ್ಯಾಹ್ನದ ಹೊತ್ತಿಗೆ ಎಲೆಕ್ಟ್ರಿಷಿಯನ್ ಎರಡು ಸಲ ಏಸಿ ಆರಿಸಿ ಹಾಕಿದ್ದ, ಟೋಕನ್ ಮೇಡಂ ತಮ್ಮ ಅಳಿಯ ಮೊಬೈಲನ್ನು ಹೀಗೇ ಸರಿಮಾಡಿದ ವೃತ್ತಾಂತ ಹೇಳಿದ್ದರು. ಸರ್ವರ್ ಸಾರ್ ಷಡ್ಡಕನ ಮೇಲಿನ ದೂರಿಗೆ ಕೊನೆಯ ಪುರಾವೆ ಬೇಕೆಂದು ಪಿಂಗನ್ನೇ ದೊಡ್ಡ ಪೊಟ್ಟಣದಲ್ಲಿ ಕಟ್ಟಿ ಕಳಿಸಿದರು. ಉತ್ತರ ಬರಲಿಲ್ಲ. ಸಿಕ್ಕಿಬಿದ್ದ ಎಂದುಕೊಂಡು ಬ್ಯಾಕಪ್ ಯಂತ್ರದಿಂದಲೂ ಅಷ್ಟೇ ದೊಡ್ಡದನ್ನು ಡಬ್ಬಿಗೆ ಕಳಿಸಿದರು. ಅದು ಸಲೀಸಾಗಿ ಹೋಗಿ ಬಂತು.

ಅವರು ಎದ್ದು ತಂತಿಗಳನ್ನು ಒಂದೊಂದಾಗಿ ಹಿಡಿದು ನೋಡಿದರು. ಬ್ಯಾಕಪ್ ಯಂತ್ರದ ತಂತಿ ನೇರವಾಗಿ ಡಬ್ಬಿಗೆ ಹೋಗುತ್ತಿತ್ತು. ತಮ್ಮ ಸರ್ವರುಗಳ ತಂತಿ ನಡುವೆ ಒಂದು ಹಳೆಯ ಸ್ವಿಚ್ಚಿನ, ಅಂದರೆ ತಂತಿಗಳನ್ನು ಒಂದಕ್ಕೊಂದು ಕೂಡಿಸುವ ಪೆಟ್ಟಿಗೆಯ, ಮೂಲಕ ಹಾದುಹೋಗುತ್ತಿತ್ತು. ಆ ಸ್ವಿಚ್ಚಿಗೆ ಸಾವಿರದ ಐನೂರಕ್ಕಿಂತ ದೊಡ್ಡದು ನುಂಗಲು ಬಾರದು. ಪಿಂಗು, ಹೆಸರುಗಳ ಪಟ್ಟಿ, ಇಂಥ ಸಣ್ಣಪುಟ್ಟದ್ದು ಹೋಗುತ್ತಿತ್ತು. ಕಡತವೆಂಬ ಬೀರು ಬಾಗಿಲಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಡಬ್ಬಿ ನಿರಪರಾಧಿ. ಅಪರಾಧಿ ಯಾರೆಂದು ಹೇಳಬೇಕಾಗಿಲ್ಲ.

ಮೂರು ಗಂಟೆಯಾಗಿತ್ತು. ಯಾರಿಗೂ ಕಾಣದಂತೆ ಪರದೆಯನ್ನು ಗೋಡೆಗೆ ತಿರುಗಿಸಿಕೊಂಡು ಅವರು ಒಂದೊಂದೇ ಸರ್ವರಿನಲ್ಲಿ ಸಾವಿರದ ಐನೂರನ್ನು ಮತ್ತೆ ಬರೆಯತೊಡಗಿದರು. ಮೂರನೆಯದು ಮುಗಿದು ಅವರು ಎಂಟರ್ ಒತ್ತುವುದಕ್ಕೂ, ಒಂದು ಸಲ ಕಿತ್ತು ಹಾಕಿ ನೋಡಿ ಎಂಬ ಎಲೆಕ್ಟ್ರಿಷಿಯನ್ನನ ಕಾಟಕ್ಕೆ ಬೇಸತ್ತ ಷಡ್ಡಕ ಡಬ್ಬಿಯ ಕೇಬಲನ್ನು ಕಿತ್ತು ಮತ್ತೆ ಸಿಕ್ಕಿಸುವುದಕ್ಕೂ ಸರಿಹೋಯಿತು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಎನ್ನುವುದು ಇದಕ್ಕೇ. ಹೊರಗೆ ಟೋಕನ್ ಗಂಟೆ ಹೊಡೆಯಿತು, ಕಡತಗಳು ತೆರೆದವು, ಏನೂ ಕಾಣದ ಎಪ್ಪತ್ತು ಜನ ಚಪ್ಪಾಳೆ ತಟ್ಟಿದರು. ಡಬ್ಬಿ ಸಾರ್ ಸರಿಮಾಡಿದರು ಎಂದು ಎಲೆಕ್ಟ್ರಿಷಿಯನ್ ಆಸ್ಪತ್ರೆಯ ಮೂರೂ ಮಹಡಿಗೆ ಸಾರಿಕೊಂಡು ಬಂದ.

ನಾಲ್ಕಕ್ಕೆ ಆಡಳಿತಾಧಿಕಾರಿ ಕೈಯಲ್ಲೊಂದು ಲಕೋಟೆ ಹಿಡಿದು ಬಂದರು. ಷಡ್ಡಕ ಪ್ರಾಮಾಣಿಕವಾಗಿಯೇ, ನಾನೇನೂ ಮಾಡಲಿಲ್ಲ ಸಾರ್, ಕೇಬಲ್ ತೆಗೆದು ಹಾಕಿದೆ ಅಷ್ಟೇ ಎಂದ. ಎಂಥ ವಿನಯ ನೋಡಿ ಎಂದು ಟೋಕನ್ ಮೇಡಂ ಕಣ್ಣೊರೆಸಿಕೊಂಡರು. ಸಾಹೇಬರು ಅವನ ಬೆನ್ನ ಮೇಲೆ ಕೈಯಿಟ್ಟರು.

ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಸರ್ವರ್ ಸಾರ್‌ಗೆ ಚೆನ್ನಾಗಿ ಗೊತ್ತಿತ್ತು. ಸುಮ್ಮನಿರಬೇಕೆಂದು ತುಟಿ ಕಚ್ಚಿಕೊಂಡರು. ಆದರೆ ಆ ಕೈ ಬೆನ್ನನ್ನು ಒಂದು ಸಲ ತಟ್ಟಿತು, ಎರಡು ಸಲ ತಟ್ಟಿತು. ಮೂರನೆಯದನ್ನು ಅವರಿಂದ ನೋಡಲಾಗಲಿಲ್ಲ.

“ಕೇಬಲ್ಲೂ ಅಲ್ಲ ಗೀಬಲ್ಲೂ ಅಲ್ಲ ಸಾರ್. ಸರಿ ಮಾಡಿದ್ದು ನಾನು. ಒಂಬತ್ತು ಸಾವಿರ ಇತ್ತು, ಸಾವಿರದ ಐನೂರು ಮಾಡ್ದೆ. ಬೇಕಾದ್ರೆ ಪರದೆ ನೋಡಿ.”

ಸಾಹೇಬರು ನೋಡಿದರು. ಆಮೇಲೆ ನಿಧಾನವಾಗಿ ಕೇಳಿದರು: “ಸರಿ. ಒಂಬತ್ತು ಸಾವಿರ ಮಾಡಿದ್ದು ಯಾರು?”

ಸರ್ವರ್ ಸಾರ್‌ಗೆ ಒಪ್ಪಿಕೊಳ್ಳದೆ ಗತ್ಯಂತರವಿರಲಿಲ್ಲ. ಷಡ್ಡಕನನ್ನು ನೋಡಿ ಮಾಡಿದೆ ಎಂದು ಗೊಣಗಿದರು.

ಷಡ್ಡಕ ಪಾಪ, ಗಲಿಬಿಲಿಗೊಂಡ. “ನನ್ನ ನೋಡಿ ಯಾಕಣ್ಣಾ? ನಾನು ಮಾಡಿದ್ದೇ ನಿಮ್ಮನ್ನ ನೋಡಿ. ನೀವು ಹಿಂದೆ ಬರೆದಿಟ್ಟ ನೋಟ್‌ಬುಕ್ ಕಪಾಟಲ್ಲಿ ಸಿಕ್ತು, ಎಲ್ಲಾ ಅದರಲ್ಲೇ ಇತ್ತು. ಸಾಹೇಬ್ರಿಗೂ ಹೋದ ವಾರವೇ ಹೇಳ್ದೆ, ಬುದ್ಧಿ ನಂದಲ್ಲ, ಅಣ್ಣಂದು ಅಂತ.”

“ಹೇಳಿದ್ರು,” ಎಂದರು ಸಾಹೇಬರು. ಲಕೋಟೆಯಿಂದ ಆದೇಶ ತೆಗೆದು ತೋರಿಸಿದರು. ಮುಖ್ಯಸ್ಥರ ಹುದ್ದೆಗೆ ಸರ್ವರ್ ಸಾರ್ ಹೆಸರೇ ಇತ್ತು. ನಿನ್ನೆ ಬೆಳಿಗ್ಗೆಯ ಸಹಿ ಇತ್ತು. ಷಡ್ಡಕ ನೋಟ್‌ಬುಕ್ ತಂದು ಆ ಪುಟ ತೆರೆದ. ಕೊನೆಯ ಸಾಲಿಗೆ ಎರಡು ಗೆರೆ ಎಳೆದಿತ್ತು: ಸರ್ವರುಗಳಿಗೆ ಈ ಅಳತೆ ಬೇಡ, ನಡುವಿನ ಹಳೆಯ ಸ್ವಿಚ್ಚು ಒಪ್ಪುವುದಿಲ್ಲ.

ಸಾಹೇಬರು ಆದೇಶವನ್ನು ಮಡಚಿ ಜೇಬಿಗೆ ಹಾಕಿಕೊಂಡರು. “ಬರೆದಿದ್ದೂ ನೀವೇ, ಕೆಡಿಸಿದ್ದೂ ನೀವೇ. ಓದಿದ್ದು ಇವರೊಬ್ಬರೇ. ಹೆಸರು ಬದಲಾಯಿಸಿ ನಾಳೆ ಕಳಿಸ್ತೀನಿ.”

ಎಲ್ಲರೂ ಹೋದ ಮೇಲೆ ಸರ್ವರ್ ಸಾರ್ ಆ ಪುಟದ ಮುಂದೆ ಬಹಳ ಹೊತ್ತು ಕೂತಿದ್ದರು. ಅಕ್ಷರ ದುಂಡಗಿತ್ತು, ಒಂದೂ ಚಿತ್ತಿರಲಿಲ್ಲ, ಪ್ರತಿ ಎಚ್ಚರಿಕೆಯನ್ನೂ ಒಂದು ಕಾಲಕ್ಕೆ ತಾವೇ ಆಗಿದ್ದ ಒಬ್ಬ ಚುರುಕಾದ ಹುಡುಗ ಯೋಚಿಸಿ ಬರೆದಿದ್ದ. ಆಗ ಅವನ ತಲೆಯಲ್ಲಿ ಕೂದಲೂ ಇತ್ತು. ಅವರಿಗೆ ಅವನ ಮೇಲೂ ಹೊಟ್ಟೆಕಿಚ್ಚಾಯಿತು.